ಜ್ವರವಿಲ್ಲದ ಭಾನುವಾರ

“ರಾತ್ರಿ ವಿಷ ಹಾಕಿಟ್ಟು ಬಂದಿದ್ದೆನಲ್ಲ, ಏನಾದ್ವು? ಹೌದಾ, ಎಲ್ಲಾ ಸತ್ತೋದ್ವಾ? ಒಂದೂ ಉಳೀಲಿಲ್ವಾ? ಸೂಪರ್ ಕಣೇ!”

ಫೋನಿನಲ್ಲಿ ಹೀಗೆ ಸಂಭ್ರಮಪಡುವ ಹುಡುಗಿಯ ಗೊಡವೆಗೆ ಬುದ್ಧಿ ಇರುವ ಯಾವ ಗಂಡಸೂ ಹೋಗುವುದಿಲ್ಲ. ಆದರೆ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಎದುರು ಸೀಟಿನಲ್ಲಿ ಸೀರೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸಿದ್ದರಾಜುವಿಗೆ ಆ ದಿನ ಬುದ್ಧಿ ಕೈಕೊಟ್ಟಿತ್ತು. ಅವನು ಅವಳನ್ನು ನೋಡಿದ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹೆಗಲಿಗೆ ಬ್ಯಾಗು, ಕೊಲೆಗಾರ್ತಿಯ ಲಕ್ಷಣ ಒಂದೂ ಇಲ್ಲದ ದುಂಡು ಮುಖ.

“ಮೇಡಂ, ತಪ್ಪು ತಿಳ್ಕೋಬೇಡಿ. ಯಾರನ್ನ ಸಾಯಿಸಿದ್ರಿ?”

ಮೆಲ್ಲಗೆ ಕೇಳಬೇಕೆಂದೇ ಅವನು ಹೊರಟದ್ದು. ಆದರೆ ಮಗ್ಗದ ಮನೆಯಲ್ಲಿ ಹುಟ್ಟಿ, ಪವರ್‌ಲೂಮಿನ ಸದ್ದಿನ ಮೇಲೆ ಗಂಟಲೆತ್ತಿ ಮಾತು ಕಲಿತವರಿಗೆ ಪಿಸುಮಾತು ಎಲ್ಲಿಂದ ಬರಬೇಕು? ಇಡೀ ಬೋಗಿ ತಿರುಗಿ ಆ ಹುಡುಗಿಯನ್ನು, ಪ್ರಮೋದಾಳನ್ನು, ನೋಡಿತು.

“ಕ್ಯಾನ್ಸರ್ ಕಣಗಳನ್ನ ರೀ!” ಅವಳ ಕಿವಿ ಕೆಂಪಾಯಿತು. “ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಪಿಎಚ್‌ಡಿ.”

“ಓ... ನಾನು ಇಲಿ ಅನ್ಕೊಂಡೆ. ನಮ್ಮನೇಲಿ ಇಲಿ ಕಾಟ ಜಾಸ್ತಿ. ನಿಮ್ಮನ್ನ ಕರ್ಕೊಂಡೋಗೋಣ ಅಂತಿದ್ದೆ.”

ಮೊದಲ ಭೇಟಿಯಲ್ಲೇ ಹುಡುಗಿಯನ್ನು ಮನೆಗೆ ಕರೆದವನು, ಅದೂ ಇಲಿಯ ನೆಪದಲ್ಲಿ, ಬಹುಶಃ ಅವನೊಬ್ಬನೇ. ಅವಳು ನಗಬಾರದೆಂದು ಕಿಟಕಿಯ ಕಡೆ ತಿರುಗಿದಳು. ತಿರುಗಿದರೂ ಭುಜ ಕುಲುಕುತ್ತಿತ್ತು. ಸಿದ್ದರಾಜುವಿಗೆ ಅಷ್ಟೇ ಸಾಕಾಯಿತು.

ಚಿಕ್ಕಪೇಟೆಯ ಅಂಗಡಿಗಳಿಗೆ ಸೀರೆ ಸ್ಯಾಂಪಲ್ ತೋರಿಸಲು ಅವನು ಅಪರೂಪಕ್ಕೊಮ್ಮೆ ಹೋಗುವವನು. ಆ ತಿಂಗಳಿಂದ ಅವನಿಗೆ ದಿನಾ ಚಿಕ್ಕಪೇಟೆಯಲ್ಲಿ ಕೆಲಸ ಬೀಳತೊಡಗಿತು. ಅಮ್ಮ ಅನುಸೂಯಮ್ಮ, “ಏನೋ, ರೈಲ್ವೆ ಇಲಾಖೇಲಿ ಕೆಲಸ ಸಿಕ್ತೇನೋ?” ಎಂದು ಕೇಳುವಷ್ಟು.

“ಆ ಕಣಗಳ ಮೇಲೆ ನಿಮಗ್ಯಾಕೆ ಅಷ್ಟು ಹಗೆ?” ಎಂದು ಒಂದು ಬೆಳಿಗ್ಗೆ ಕೇಳಿದ.

“ಹಗೆ ಏನಿಲ್ಲ. ಬಿಳಿ ರಕ್ತಕಣ ಅಂದ್ರೆ ನಮ್ಮನ್ನ ಕಾಯೋ ಪೊಲೀಸ್ನೋರು. ಬ್ಲಡ್ ಕ್ಯಾನ್ಸರಲ್ಲಿ ಅವು ಬೆಳೀದೇನೇ ಸುಮ್ನೆ ರಾಶಿ ರಾಶಿ ಹುಟ್ತವೆ. ಟ್ರೇನಿಂಗ್ ಮುಗೀದೇ ಇರೋ ಪೊಲೀಸ್ನೋರು. ಅವುಗಳ ಮೇಲೆ ಬ್ಯಾಕ್ಟೀರಿಯಾ ಬಿಡೋ ವಿಷ ಹಾಕಿದ್ರೆ ಏನ್ಮಾಡ್ತವೆ ಅಂತ ನೋಡ್ತೀನಿ.”

“ಏನ್ಮಾಡ್ತವೆ?”

“ಏನೂ ಮಾಡಲ್ಲ. ಆರಾಮಾಗಿರ್ತವೆ. ಆ ವಿಷಕ್ಕೆ ಹಿಡ್ಕೊಳ್ಳೋಕೆ ಕಣದ ಮೇಲೊಂದು ಹಿಡಿಕೆ ಬೇಕು. ಬೆಳೀದೇ ಇರೋ ಕಣಕ್ಕೆ ಆ ಹಿಡಿಕೇನೇ ಬಂದಿರಲ್ಲ. ಔಷಧಿ ಹಾಕಿ ಬೆಳೆಸಿದ್ರೆ ಬರತ್ತೆ. ಆಗ ಬ್ಯಾಕ್ಟೀರಿಯಾ ಜೊತೆ ಜಗಳಕ್ಕೂ ನಿಲ್ತವೆ, ಅದರ ವಿಷಕ್ಕೂ ಸಿಕ್ತವೆ. ಅವತ್ತು ಫೋನಲ್ಲಿ ಕೇಳಿದ್ರಲ್ಲ, ಸತ್ತಿದ್ದು ಅವೇ.” ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿ ಸೇರಿಸಿದಳು, “ನಿಮಗೇನೂ ಭಯ ಇಲ್ಲ ಬಿಡಿ. ನಿಮಗೆ ಯಾವ ವಿಷವೂ ತಗಲಲ್ಲ.”

“ಯಾಕೆ?”

“ನೀವು ಬೆಳೆದೇ ಇಲ್ವಲ್ಲ.”

ಸಿದ್ದರಾಜು ಎದೆ ಹಿಡಿದುಕೊಂಡ. “ತಗುಲ್ತು ಮೇಡಂ. ಈಗಷ್ಟೇ ತಗುಲ್ತು.”

ಅವಳು ಅವನ ಕಣ್ಣು ನೋಡಿದಳು. ನೋಡಿ ಬೇಗ ತೆಗೆಯಬೇಕಿತ್ತು, ತೆಗೆಯಲಿಲ್ಲ. ಯಲಹಂಕ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮದುವೆಯ ಮಾತನ್ನು ಅವನು ಆಡಿದ್ದೂ ರೈಲಿನಲ್ಲೇ. ಗಾಡಿ ಗಡಗಡ ಎನ್ನುತ್ತಿದ್ದಾಗ ಧೈರ್ಯ ಮಾಡಿ ಅವಳ ಕಿವಿಯ ಹತ್ತಿರ ಬಾಗಿದ. ಅವನು ಬಾಯಿ ತೆರೆಯುವುದಕ್ಕೂ ರಾಜಾನುಕುಂಟೆಯಲ್ಲಿ ರೈಲು ನಿಲ್ಲುವುದಕ್ಕೂ ಸರಿಹೋಯಿತು. ಸದ್ದಡಗಿದ ಬೋಗಿಯಲ್ಲಿ “ನನ್ನ ಮದುವೆ ಆಗ್ತೀಯಾ ಪ್ರಮೋದಾ?” ಎಂಬ ಮಾತು ಮೈಕಿನಲ್ಲಿ ಕೂಗಿದಂತೆ ಕೇಳಿತು. ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಬುಟ್ಟಿ ಇಳಿಸಿ ನಿಂತಳು. “ಹೂಂ ಅನ್ನಮ್ಮ, ಗಾಡಿ ಹೊರಡ್ತದೆ,” ಎಂದಳು.

ಪ್ರಮೋದಾ ಮುಖ ಮುಚ್ಚಿಕೊಂಡೇ ಹೂಂ ಎಂದಳು.

ಆ ಚಳಿಗಾಲದ ಒಂದು ಬೆಳಿಗ್ಗೆ ಇಬ್ಬರೂ ಮಾಕಳಿದುರ್ಗ ಹತ್ತಲು ಹೋದರು. ಹರೆಯದವರು ಹತ್ತಿ ಇಳಿಯುವ ಬೆಟ್ಟ ಅದು. ಅರ್ಧಕ್ಕೇ ಸಿದ್ದರಾಜು ಬಂಡೆಯ ಮೇಲೆ ಕೂತುಬಿಟ್ಟ.

“ಮಗ್ಗದ ಮುಂದೆ ನಿಂತು ನಿಂತು ಮಂಡಿ ಹೋಗವೆ ಕಣೇ.”

“ಸುಳ್ಳು. ಸೋಮಾರಿ ನೀನು.” ಅವಳು ಉಪ್ಪುಖಾರ ಹಚ್ಚಿದ ಸೀಬೆಕಾಯಿಯನ್ನು ಅವನ ಕೈಗಿಟ್ಟಳು. ಅವನು ಕಚ್ಚಿ ಉಳಿದದ್ದನ್ನು ವಾಪಸು ಕೊಟ್ಟ. ಎಂಜಲು ಹಂಚಿಕೊಳ್ಳುವ ಸುಖಕ್ಕೆ ನಾಚುತ್ತಾ ಅವಳು ಬಾಯಿಗಿಡಲು ಹೋದಳು. ಅವನ ಹಲ್ಲು ಊರಿದ ಜಾಗವೆಲ್ಲ ರಕ್ತವಾಗಿತ್ತು.

“ವಸಡು. ಒಂದು ವಾರದಿಂದ ಹಿಂಗೇ,” ಎಂದ ಅವನು, ಏನೂ ಅಲ್ಲವೆನ್ನುವಂತೆ.

ಅವಳು ಬಗ್ಗಿ ಅವನ ಪ್ಯಾಂಟಿನ ಅಂಚನ್ನು ಮೇಲೆತ್ತಿದಳು. ಮೊಣಕಾಲಿನ ಕೆಳಗೆ, ಸೂಜಿಯಲ್ಲಿ ಚುಚ್ಚಿದಂತೆ ಕೆಂಪು ಚುಕ್ಕೆಗಳು. ಅವಳಿಗೆ ಗೊತ್ತಾಯಿತು. ಗೊತ್ತಾಗದಿರಲಿ ಎಂದು ದೇವರನ್ನು ಬೇಡಿಕೊಂಡಳು, ಆದರೆ ಓದಿದ ವಿದ್ಯೆ ಬೇಕೆಂದಾಗ ಬಂದು ಬೇಡವೆಂದಾಗ ಹೋಗುವಂಥದ್ದಲ್ಲ.

“ಏನೇ ಅದು, ಕಾಲು ಹಿಡ್ಕೊಂಡ್ಬಿಟ್ಟೆ? ಮದುವೆಗೆ ಮುಂಚೇನೇ?”

“ನಾಳೆ ಬ್ಲಡ್ ಟೆಸ್ಟ್ ಮಾಡಿಸ್ಕೋ.” ಅವಳು ಪ್ಯಾಂಟಿನ ಅಂಚು ಇಳಿಸಿದಳು. “ಇಲ್ಲ, ನಾಳೆ ಅಲ್ಲ. ಇವತ್ತೇ.”

ವರ್ಷಾನುಗಟ್ಟಲೆ ಗಾಜಿನ ತಟ್ಟೆಗಳಲ್ಲಿ ಅವಳು ಹಾಲು ಹಾಕಿ ಸಾಕಿದಂತೆ ಸಾಕಿದ್ದ ಕಣಗಳೇ ಅವನ ರಕ್ತದಲ್ಲಿದ್ದವು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಸಿದ್ದರಾಜುವಿನ ಕೂದಲು ಉದುರಿತು, ತೂಕ ಇಳಿಯಿತು, ಬಾಯಿ ಹುಣ್ಣಾಗಿ ಗಂಜಿ ಇಳಿಯದಾಯಿತು. ಜೋರು ದನಿ ಮಾತ್ರ ಹಾಗೇ ಇತ್ತು. “ನಿನ್ನ ಕಣಗಳಿಗೆ ಹೇಳು, ಬೇಗ ಬೆಳೀರಿ ಅಂತ. ಚಿಕ್ಕ ಮಕ್ಕಳ ಸಹವಾಸ ಸಾಕಾಯ್ತು,” ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದ.

ಮೊದಲ ಸುತ್ತು ಮುಗಿದಾಗ ಡಾಕ್ಟರು ನಕ್ಕರು. ಮೂಳೆಯ ಮಜ್ಜೆಯಲ್ಲಿ ಕೆಟ್ಟ ಕಣ ಕಾಣುತ್ತಿಲ್ಲ, ಮತ್ತೆ ತಲೆಯೆತ್ತದ ಹಾಗೆ ಇನ್ನೂ ಕೆಲವು ಸುತ್ತು ಕೊಡಬೇಕು ಎಂದರು. ಪ್ರಮೋದಾ ಆಸ್ಪತ್ರೆಯ ಕ್ಯಾಂಟೀನಿನ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿಕೊಂಡು, ಮನಸಾರೆ ಅತ್ತು ಬಂದಳು.

ಇಷ್ಟು ದಿನ ಅವಳ ಮನೆಯಲ್ಲಿ ಯುದ್ಧವೇ ನಡೆದಿತ್ತು. ತಾಲ್ಲೂಕು ಆಫೀಸಿನಲ್ಲಿ ಅಟೆಂಡರ್ ಆಗಿ ರಿಟೈರಾದ ಅಪ್ಪ ನರಸಿಂಹಯ್ಯ ಕೆಟ್ಟವರೇನಲ್ಲ. ಒಬ್ಬಳೇ ಮಗಳನ್ನು ಇಷ್ಟು ಓದಿಸಿದವರು. ಹುಡುಗನಿಗೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಮ್ಮ ಸೊಣ್ಣಮ್ಮ ಇಬ್ಬರ ನಡುವೆ ತಟ್ಟೆ ಲೋಟ ಸಾಗಿಸುತ್ತಾ ಸುಸ್ತಾಗಿದ್ದರು.

“ಅಪ್ಪ, ಗುಣ ಆಗಿದೆ. ಡಾಕ್ಟ್ರೇ ಹೇಳಿದಾರೆ.”

“ಕಾಗದದ ಮೇಲೆ ಗುಣ ಆದ್ರೆ ಸಾಕಾ?” ನರಸಿಂಹಯ್ಯ ಕೊನೆಗೂ ಬಾಯಿ ಬಿಟ್ಟರು. “ಆಷಾಢಕ್ಕೆ ಮುಂಚೆ ಒಂದು ಭಾನುವಾರ ಐತೆ. ಅವನು ನಮ್ಮನೆಗೆ ಬರ್ಲಿ. ಎದುರಿಗೆ ಕೂತು ಉಣ್ಲಿ. ಗಟ್ಟಿಯಾಗವ್ನೆ ಅಂತ ನನ್ನ ಕಣ್ಣಿಗೆ ಅನ್ನಿಸ್ತೋ, ತಾಂಬೂಲ ಬದಲಾಯಿಸ್ಕೊಳ್ಳೋಣ. ಇಲ್ವೋ, ಈ ಮಾತು ಇಲ್ಲಿಗೇ ಮುಗೀತು. ಹೆಣ್ಣು ಹೆತ್ತವನು ಕಣವ್ವ ನಾನು.”

“ಎರಡನೇ ಕೀಮೋ ಈಗಷ್ಟೇ ಆಗಿದೆ. ಆಷಾಢ ಕಳೀಲಿ ಅಪ್ಪ.”

“ಆಷಾಢ ಕಳೆದ ಮೇಲೆ ನನ್ನ ಮನಸ್ಸು ಹೆಂಗಿರ್ತದೋ.”

ಅವಳು ಇದನ್ನು ಸಿದ್ದರಾಜುವಿಗೆ ಹೇಳಿದಾಗ ಅವನು ಕ್ಷಣವೂ ಯೋಚಿಸಲಿಲ್ಲ. “ಬರ್ತೀನಿ. ಒಪ್ಪಿಸೇ ಹೋಗ್ತೀನಿ.”

“ಹುಷಾರು. ಕೀಮೋ ಆದ ಮೇಲೆ ನಿನ್ನ ಮೈಯಲ್ಲಿ ಬಿಳಿ ಕಣಾನೇ ಇಲ್ಲ. ಏನೇ ಹೊಕ್ಕರೂ ಬಾವು ಬರಲ್ಲ, ಕೀವಾಗಲ್ಲ. ಜ್ವರ ಒಂದೇ ನಮಗೆ ಸುದ್ದಿ ಹೇಳೋದು. ಥರ್ಮಾಮೀಟರ್ ನೂರು ದಾಟ್ತೋ, ಸೀದಾ ಆಸ್ಪತ್ರೆಗೆ ಓಡ್ಬೇಕು. ಮಾತ್ರೆ ನುಂಗ್ಬಾರ್ದು. ಜ್ವರ ಮುಚ್ಚೋಗತ್ತೆ, ಒಳಗಿರೋದು ಹೋಗಲ್ಲ. ಗೊತ್ತಾಯ್ತಾ?”

“ಆಯ್ತು ಡಾಕ್ಟ್ರಮ್ಮ.”

“ಆಣೆ ಮಾಡು.”

“ನಿನ್ನಾಣೆ,” ಎಂದ. ಎಂದು ಅವಳ ಮೂಗಿನ ತುದಿಯನ್ನು ಮುಟ್ಟಿದ.

ಆ ಭಾನುವಾರ ಬೆಳಿಗ್ಗೆ ಸಿದ್ದರಾಜು ಹಲ್ಲು ಕಡಿಯುವ ಚಳಿಯಲ್ಲಿ ಎದ್ದ. ಮೋಡ ಕವಿದಿತ್ತು, ಆದರೆ ಆ ಚಳಿ ಮೋಡದ್ದಲ್ಲ. ಥರ್ಮಾಮೀಟರ್ ನೂರನ್ನು ದಾಟಿ ಬಹಳ ಮುಂದೆ ಹೋಗಿತ್ತು. ಔಷಧಿ ಕೊಡಲೆಂದು ತೋಳಿನಲ್ಲಿ ಬಿಟ್ಟಿದ್ದ ಸಣ್ಣ ಟ್ಯೂಬಿನ ಸುತ್ತ ಚರ್ಮ ಕೆಂಪಗಾಗಿತ್ತು. ಹಿಂದಿನ ದಿನವೇ ಚೂರು ಉರಿಯುತ್ತಿತ್ತು, ಅವನು ಯಾರಿಗೂ ಹೇಳಿರಲಿಲ್ಲ.

ಅನುಸೂಯಮ್ಮ ಮಗನ ಹಣೆ ಮುಟ್ಟಿ ನೋಡಿ ಗಾಬರಿಯಾದರು. “ಬೇಡ ಕಣಪ್ಪ. ಅವರಿಗೆ ಫೋನ್ ಮಾಡ್ತೀನಿ.”

“ಫೋನ್ ಮಾಡಿದ್ರೆ ಮುಗೀತಮ್ಮ. ಕಾಯಿಲೆ ಹುಡುಗ ಅನ್ನೋದು ಸ್ಟಾಂಪ್ ಒತ್ತಿದಂಗಾಗತ್ತೆ. ಒಂದು ಮಾತ್ರೆ ಕೊಡು. ಸಾಯಂಕಾಲ ಸೀದಾ ಆಸ್ಪತ್ರೆಗೇ ಹೋಗೋಣ.”

ಮಗ್ಗದ ಬೀದಿಯಲ್ಲಿ ಇದು ದೊಡ್ಡ ಸಂಗತಿಯೇ ಅಲ್ಲ. ಆರ್ಡರಿನ ಸೀರೆ ಮಗ್ಗದ ಮೇಲಿದ್ದಾಗ ಜ್ವರವೆಂದು ಮಲಗುವವರು ಅಲ್ಲಿಲ್ಲ. ಒಂದು ಮಾತ್ರೆ, ಒಂದು ಲೋಟ ಟೀ, ಮತ್ತೆ ಮಗ್ಗ. ಅನುಸೂಯಮ್ಮ ಗಂಡನಿಗೂ ಹಾಗೇ ಕೊಟ್ಟವರು, ತಾವೂ ಹಾಗೇ ನುಂಗಿ ಸೀರೆ ನೇಯ್ದವರು. ಮಗನ ಆಸೆಗಣ್ಣು ನೋಡಿ ಡಬ್ಬಿಯಿಂದ ಮಾತ್ರೆ ತೆಗೆದುಕೊಟ್ಟರು. ಅದು ಪ್ರೀತಿಯಿಂದಲೇ ಕೊಟ್ಟದ್ದು, ಅದರಲ್ಲಿ ಸಂಶಯವಿಲ್ಲ.

ತೋಳು ಕಾಣದಂತೆ ಅವನು ತುಂಬು ತೋಳಿನ ಶರ್ಟು ಹಾಕಿಕೊಂಡ.

ಪ್ರಮೋದಾ ಕಾಫಿ ತಂದಾಗ ಅವನು ಎಷ್ಟು ಚೆನ್ನಾಗಿ ಕಂಡ! ಬೋಳು ತಲೆಯಲ್ಲಿ ಆಗಷ್ಟೇ ಚಿಗುರುತ್ತಿದ್ದ ಕೂದಲು, ಕೆನ್ನೆಗೆ ಏರಿದ್ದ ಕೆಂಪು. ಆ ಕೆಂಪನ್ನು ಆರೋಗ್ಯವೆಂದುಕೊಂಡ ನರಸಿಂಹಯ್ಯನವರ ಮುಖ ಮೊದಲ ಸಲ ಸಡಿಲವಾಯಿತು. ಅವನು ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡ. ಮಗ್ಗ, ಮಳೆ, ತಾಲ್ಲೂಕು ಆಫೀಸಿನ ಹಳೆಯ ತಹಸೀಲ್ದಾರರು ಎಲ್ಲದರ ಮೇಲೂ ಜೋರಾಗಿ ಮಾತಾಡಿದ.

ಲೋಟ ತೆಗೆದುಕೊಳ್ಳುವಾಗ ಅವಳು ಅವನ ಮೇಲ್ತುಟಿಯ ಮೇಲೆ ಬೆವರು ಕಂಡಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

“ಏನಿದು ಬೆವರು?” ಎಂದು ಕಣ್ಣಲ್ಲೇ ಕೇಳಿದಳು.

“ನಿಮ್ಮಪ್ಪ,” ಎಂದು ತುಟಿಯಲ್ಲೇ ಹೇಳಿದ. ಅವಳಿಗೆ ನಗು ಬಂತು. ನಂಬಲು ಅವಳಿಗೆ ಬಹಳ ಇಷ್ಟವಿತ್ತು, ನಂಬಿದಳು.

ನರಸಿಂಹಯ್ಯ ಕೈ ತೊಳೆದು ಬಂದು ಕೂತರು. “ಸೊಣ್ಣಮ್ಮ, ತಟ್ಟೆ ತಗೊಂಬಾ.” ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಆ ಕೈಯಿಂದ ಈ ಕೈಗೆ ಹೋಯಿತು. ಅನುಸೂಯಮ್ಮ ಪ್ರಮೋದಾಳ ತಲೆಗೆ ಹೂ ಮುಡಿಸಿದರು. ಮುಡಿಸುವಾಗಲೂ ಅವರ ಕಣ್ಣು ಮಗನ ಮೇಲೇ ಇತ್ತು, ಸಂತೋಷಕ್ಕೆ ಎಂದುಕೊಂಡರು ಎಲ್ಲರೂ. ಸಿದ್ದರಾಜು ಮಾತ್ರ ಅವಳನ್ನೇ ನೋಡುತ್ತಿದ್ದ, ಇನ್ನು ಕದ್ದು ನೋಡಬೇಕಾಗಿಲ್ಲ ಎನ್ನುವ ಗತ್ತಿನಲ್ಲಿ.

ದೀಪ ಹಚ್ಚುವ ಹೊತ್ತಿಗೆ ಅನುಸೂಯಮ್ಮನ ಫೋನು ಬಂತು. ಆಸ್ಪತ್ರೆಗೆ ಹೊರಟಿದ್ದಾಗಲೇ ಹುಡುಗ ಬಾಗಿಲಲ್ಲಿ ಕುಸಿದಿದ್ದ.

ಪ್ರಮೋದಾ ಆಸ್ಪತ್ರೆ ತಲುಪಿದಾಗ ಅವನ ಬಿಪಿ ಇಳಿದುಹೋಗಿತ್ತು. ಎರಡು ಕೈಗೂ ಡ್ರಿಪ್ಪು ಹಾಕಿದ್ದರು. ಡಾಕ್ಟರು, “ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೆ...” ಎಂದು ಮಾತು ನಿಲ್ಲಿಸಿದರು. ಮಾರನೆಯ ದಿನ ರಕ್ತದ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಬಂತು. ಸ್ಟ್ಯಾಫಿಲೋಕಾಕಸ್. ಅವಳು ದಿನಾ ತಟ್ಟೆಗೆ ಹಾಕುವ ವಿಷವನ್ನು ಹೆರುವ ಅದೇ ಬ್ಯಾಕ್ಟೀರಿಯಾ. ಲೋಕದಲ್ಲಿ ಸಾವಿರ ರೋಗಾಣುಗಳಿದ್ದವು, ಒಂದಾದರೂ ಅವಳಿಗೆ ಪರಿಚಯವಿಲ್ಲದ್ದು ಬರಬಾರದಿತ್ತೇ?

ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಅನುಸೂಯಮ್ಮ ಬೆಳಗಿನ ಜ್ವರ, ಮಾತ್ರೆ ಎಲ್ಲ ಹೇಳಿ, “ನೀನೋಗವ್ವ,” ಎಂದು ಅವಳನ್ನೇ ಕಳಿಸಿದರು.

“ಯಾಕೋ ನುಂಗಿದೆ?” ಅವಳಿಗೆ ಅಳುವಿಗಿಂತ ಸಿಟ್ಟೇ ಮೊದಲು ಬಂತು. “ನನ್ನಾಣೆ ಇಟ್ಟಿದ್ದೆಯಲ್ಲೋ!”

“ಜ್ವರ ಬಂತು ಅಂತ ಮಗ್ಗ ನಿಲ್ಸೋರು ನಮ್ಮನೇಲಿ ಯಾರಿದಾರೆ ಹೇಳು.”

“ಇದು ಮಗ್ಗ ಅಲ್ಲ ಕಣೋ.”

“ಅದಕ್ಕಿಂತ ದೊಡ್ಡದು. ಅದಕ್ಕೇ ನುಂಗಿದೆ.” ಅವನ ದನಿಯನ್ನು ಕೇಳಲು ಅವಳು ಮೊದಲ ಸಲ ಬಗ್ಗಬೇಕಾಯಿತು.

“ನಾನು ಕಾಯ್ತಿದ್ದೆ. ಅಪ್ಪ ಬೇಡ ಅಂದ್ರೂ ಕಾಯ್ತಿದ್ದೆ. ಎಷ್ಟು ಆಷಾಢ ಬೇಕಾದ್ರೂ.”

“ಗೊತ್ತು. ನನಗೆ ನಿನ್ನನ್ನ ನಿಮ್ಮಪ್ಪನ ಮನೆಯಿಂದ ಕದ್ದು ತರೋಕೆ ಇಷ್ಟ ಇರ್ಲಿಲ್ಲ ಕಣೇ. ಕೇಳಿ ತಗೋಬೇಕು ಅನ್ನಿಸ್ತು.” ಸ್ವಲ್ಪ ಹೊತ್ತು ಉಸಿರಾಡಿ ಕೇಳಿದ, “ಒಳಗೆ ಏನು ನಡೀತಿದೆ? ನೀನು ಹೇಳು. ಡಾಕ್ಟ್ರು ಸರಿಯಾಗಿ ಹೇಳಲ್ಲ.”

ಸುಳ್ಳು ಹೇಳಬಹುದಿತ್ತು. ಅವನು ಕೇಳಿದ ಬಗೆ ನೋಡಿ ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಹೊಸ ಬಿಳಿ ಕಣ ಹುಟ್ಟೋಕೆ ಶುರುವಾಗಿವೆ. ಒಳ್ಳೇವು. ಪೂರ್ತಿ ಬೆಳೆದವು.”

“ವಿಷಕ್ಕೆ ಸಿಗೋ ಅಂಥವು.”

“ಹೂಂ.”

“ಹೆದರಿ ಓಡ್ತಿಲ್ಲ ತಾನೇ?”

“ಇಲ್ಲ ಕಣೋ. ಎದುರಿಗೇ ಹೋಗ್ತಿವೆ.” ಅವಳ ಕಣ್ಣೀರು ಅವನ ಬೆರಳಿನ ಮೇಲೆ ಬಿತ್ತು. “ಬಂದವು ಬಂದಂಗೆ ಸಾಯ್ತಿವೆ.”

“ಪಾಪ,” ಎಂದ. ಆಮೇಲೆ, “ಎರಡನೇ ಸಲ ಕೇಸರಿಬಾತು ಹಾಕಿಸ್ಕೊಂಡೆ ನೋಡು, ಆವಾಗ ನಿಮ್ಮಪ್ಪ ಬಿದ್ರು,” ಎಂದು ನಕ್ಕ. ನಗುವಿನ ಜೊತೆಗೇ ಕಣ್ಣು ಮುಚ್ಚಿತು. ಗುರುವಾರದವರೆಗೆ ಅವನು ಇದ್ದ, ಆದರೆ ಮಾತಾಡಲಿಲ್ಲ. ಅವಳು ಆಡಬೇಕಾದ ಪ್ರೀತಿಯ ಮಾತನ್ನೆಲ್ಲ ಕಿವಿಯ ಹತ್ತಿರ ಕೂತು ಆಡಿದಳು. ಕೇಳಿಸಿತೋ ಇಲ್ಲವೋ, ಗೊತ್ತಿಲ್ಲ.

ಗುರುವಾರ ಬೆಳಿಗ್ಗೆ ಮಗ್ಗದ ಬೀದಿಯ ಅಷ್ಟೂ ಮಗ್ಗಗಳು ನಿಂತವು.

ಪ್ರಮೋದಾ ಮನೆಯಿಂದ ಹೊರಡುವ ಮೊದಲು ನರಸಿಂಹಯ್ಯ ಬಾಗಿಲಿಗೆ ಅಡ್ಡ ನಿಂತಿದ್ದರು. “ತಾಂಬೂಲ ಆಗಿರೋದು ಆ ಮನೆ ಈ ಮನೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹಂಗೇ ಇರ್ಲಿ ಕಣವ್ವ. ನಾಳೆ ನಿನ್ನ ಬದುಕು ನೋಡ್ಬೇಕಲ್ಲ. ಜನ ಏನೇನೋ ಅಂತಾರೆ, ಕಾಲ್ಗುಣ ಅಂತಾರೆ. ನೀನು ಬರೋದು ಬೇಡ.”

“ಹೋಗಿ ಬರ್ತೀನಪ್ಪ,” ಎಂದಷ್ಟೇ ಹೇಳಿ ಅವಳು ಚಪ್ಪಲಿ ಮೆಟ್ಟಿದಳು. ಅವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದೆಯೇ ಬಂದರು. ಅಲ್ಲಿ ಒಳಗೆ ಬಾರದೆ ಗೇಟಿನ ಹತ್ತಿರ, ಯಾರೋ ದಾರಿಹೋಕರ ಹಾಗೆ ನಿಂತರು.

ಸಿದ್ದರಾಜುವನ್ನು ಮನೆಯ ಮುಂದೆ ಮಲಗಿಸಿದ್ದರು. ಪ್ರಮೋದಾ ಹೋಗಿ ಅವನ ತಲೆಯ ಹತ್ತಿರ ಕೂತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ದೊಡ್ಡಪ್ಪ ಪಿಳ್ಳಪ್ಪ ಹತ್ತಿರ ಬಂದು ಕೇಳಿದರು, “ಯಾರಮ್ಮ ಅನುಸೂಯ ಈ ಹುಡುಗಿ?”

ಅನುಸೂಯಮ್ಮ ತಲೆಯೆತ್ತಿ ಗೇಟಿನ ಕಡೆ ನೋಡಿದರು. ಅಲ್ಲಿ ನಿಂತಿದ್ದ ತಂದೆಯ ಮುಖ ಅವರಿಗೆ ಅರ್ಥವಾಯಿತು. ಮಗ ಹೋದ, ಹುಡುಗಿಯಾದರೂ ಉಳಿಯಲಿ ಎಂದುಕೊಂಡರೋ ಏನೋ. “ರೈಲಲ್ಲಿ ಜೊತೆಗೆ ಹೋಗಿ ಬರೋರು ಬಾವ,” ಎಂದರು. “ಪರಿಚಯದೋರು.”

ಪ್ರಮೋದಾ ಬೇಡವೆಂದು ಅವರ ಕೈ ಹಿಡಿದಳು. “ಯಾಕತ್ತೆ ಹಂಗಂತೀರ? ನೀವೇ ಅಲ್ವಾ ಹೂ ಮುಡಿಸಿದ್ದು?” ಪಿಳ್ಳಪ್ಪನವರ ಕಡೆ ತಿರುಗಿದಳು. “ಭಾನುವಾರ ನಮಗೆ ತಾಂಬೂಲ ಆಗಿದೆ ದೊಡ್ಡಪ್ಪ. ನಾನು ಈ ಮನೆಗೆ ಬರ್ಬೇಕಾಗಿದ್ದೋಳು.”

ಪಿಳ್ಳಪ್ಪ ಚಟ್ಟ ಕಟ್ಟುತ್ತಿದ್ದವರ ಕಡೆ ಹೋದರು. ಹೊರಡುವ ಹೊತ್ತಾಯಿತು. ಎತ್ತಲು ಗಂಡಸರು ಬಂದು ನಿಂತಾಗ ಗೇಟು ಕಿರ್ರೆಂದಿತು. ನರಸಿಂಹಯ್ಯ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

“ನನಗೊಂದು ಕಡೆ ಬಿಡಿ. ಹೆಗಲು ಕೊಡ್ತೀನಿ.”

“ದೊಡ್ಡೋರು ಬೇಡ ಬಿಡಪ್ಪ, ಹುಡುಗ್ರವ್ರೆ,” ಎಂದರು ಪಿಳ್ಳಪ್ಪ. “ನೀವ್ಯಾರು ಗೊತ್ತಾಗ್ಲಿಲ್ಲ. ನೀವೇನಾಗ್ಬೇಕು ಇವನಿಗೆ?”

ನರಸಿಂಹಯ್ಯ ಬಗ್ಗಿ ಬಿದಿರಿಗೆ ಹೆಗಲು ಕೊಟ್ಟರು. ಮಗಳ ಮುಖ ನೋಡಲಿಲ್ಲ.

“ನನ್ನ ಅಳಿಯ ಕಣಪ್ಪ ಇವನು,” ಎಂದರು.

ಆ ಒಂದು ಮಾತಿಗಾಗಿ ಅವನು ಜ್ವರ ನುಂಗಿಕೊಂಡು ಬಂದಿದ್ದ. ಅದನ್ನು ಅವನೊಬ್ಬ ಕೇಳಲಿಲ್ಲ, ಬೀದಿಯೆಲ್ಲ ಕೇಳಿತು. ಪ್ರಮೋದಾ ಅತ್ತೆಯ ಮಡಿಲಲ್ಲಿ ಮುಖವಿಟ್ಟು, ಯಾರ ಹಂಗೂ ಇಲ್ಲದೆ, ಗಟ್ಟಿಯಾಗಿ ಅತ್ತಳು.